ಡೆನ್ಮಾರ್ಕ್‌ನಲ್ಲಿ ಸಿಗುವ ತರಕಾರಿಯಿಂದ ರಾತ್ರಿಗೆ ಹಗುರವಾಗಿ ಏನು ಮಾಡಬಹುದು?

ನಿಮ್ಮ ಪ್ರಶ್ನೆ ಓದಿದೆ. ಕೆಲಸಕ್ಕೆಂದು ಒಡೆನ್ಸ್‌ಗೆ ಬಂದಿದ್ದೀರಿ. ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅಂಗಡಿಯಲ್ಲಿ ಕೋಸು, ಆಲೂಗಡ್ಡೆ, ಹೆಸರು ಗೊತ್ತಿಲ್ಲದ ಗಡ್ಡೆಗಳು ಬಿಟ್ಟರೆ ಬೇರೇನೂ ಕಣ್ಣಿಗೆ ಬೀಳುತ್ತಿಲ್ಲ. ದಿನಾ ರಾತ್ರಿ ಅನ್ನ ಸಾರು ಬೇಡ, ಹಗುರವಾಗಿ ಏನಾದರೂ ಬೇಕು, ಡ್ಯಾನಿಶ್ ಅಡುಗೆಯಲ್ಲಿ ನಮಗೆ ಆಗುವಂಥದ್ದು ಇದೆಯಾ ಅಂತ ಕೇಳಿದ್ದೀರಿ.

ಬೇಕಾದಷ್ಟಿದೆ. ಎಲ್ಲ ತಟ್ಟೆಯ ಬದಿಯಲ್ಲಿದೆ, ಅಂದರೆ ಮಾಂಸದ ಜೊತೆ ನೆಂಚಿಕೊಳ್ಳಲು ಇಡುವ ತರಕಾರಿಯಲ್ಲಿ, ಹುಡುಕಬೇಕಾದದ್ದು ಅಲ್ಲಿ. 2014ರಲ್ಲಿ ಇಲ್ಲಿನ ಜನ ಮತ ಹಾಕಿ ತಮ್ಮ ರಾಷ್ಟ್ರೀಯ ಖಾದ್ಯವನ್ನು ಆರಿಸಿಕೊಂಡರು. ಗೆದ್ದದ್ದು ಹುರಿದ ಹಂದಿಮಾಂಸ. ಅದರ ಜೊತೆಗೆ ಬೇಯಿಸಿದ ಆಲೂಗಡ್ಡೆ ಮತ್ತು ಪಾರ್ಸ್ಲಿ ಸೊಪ್ಪು ಹಾಕಿದ ಬಿಳಿ ಸಾಸ್. ಮಾಂಸ ಬಿಟ್ಟುಬಿಡಿ. ಉಳಿದದ್ದೇ ನಮಗೆ ಒಂದು ರಾತ್ರಿಯ ಊಟ. 25 ಗ್ರಾಂ ಬೆಣ್ಣೆ ಕರಗಿಸಿ, ಮೂರು ಚಮಚ ಮೈದಾ ಹಾಕಿ ಹಸಿ ವಾಸನೆ ಹೋಗುವಷ್ಟು ಹುರಿದು, ಸುಮಾರು ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿದು ಗಂಟಾಗದಂತೆ ತಿರುವಿ. ಉಪ್ಪು, ಮೆಣಸು, ಚಿಟಿಕೆ ಜಾಯಿಕಾಯಿ. ಒಲೆ ಆರಿಸಿದ ಮೇಲೆ ಕೈತುಂಬ ಹೆಚ್ಚಿದ ಪಾರ್ಸ್ಲಿ. ಸೊಪ್ಪು ಜಾಸ್ತಿಯೇ ಇರಲಿ, ಸಾಸ್ ಹಸಿರಾಗಿ ಕಾಣಬೇಕು.

ನಾನು ಆರ್ಹಸ್‌ನಲ್ಲಿದ್ದೇನೆ. ನಮ್ಮ ಮನೆಯ ರಾತ್ರಿ ಊಟ ಹೆಚ್ಚು ಕಡಿಮೆ ಹೀಗಿರುತ್ತದೆ: ಒಂದು ಬಿಸಿ ತರಕಾರಿ, ಒಂದು ಹುಳಿ-ಸಿಹಿ ತರಕಾರಿ, ಆಲೂಗಡ್ಡೆ ಅಥವಾ ರೈ ಬ್ರೆಡ್, ಕೊನೆಗೆ ಮೊಸರು. ಇಲ್ಲಿನವರು ನೆಂಚಿಕೊಳ್ಳಲು ಮಾಡುವುದನ್ನೆಲ್ಲ ನಾವು ಹೊಟ್ಟೆತುಂಬ ತಿನ್ನುತ್ತೇವೆ.

ಮೊದಲು ಸೌತೆಕಾಯಿಯಿಂದ ಶುರು ಮಾಡಿ. ಅಗೂರ್ಕೆಸಲಾಟ್ ಅನ್ನುತ್ತಾರೆ. ಉದ್ದನೆಯ ಒಂದು ಸೌತೆಕಾಯಿಯನ್ನು ಕಾಗದದಷ್ಟು ತೆಳ್ಳಗೆ ಕೊಯ್ಯಬೇಕು. ಇದಕ್ಕೆ ಚೀಸ್ ಹೆರೆಯುವ ಸಾಧನ ತುಂಬಾ ಚೆನ್ನ. ಇಲ್ಲಿ ಪ್ರತಿ ಮನೆಯಲ್ಲೂ ಇರುತ್ತದೆ, ನೀವೂ ಒಂದು ಕೊಂಡುಕೊಳ್ಳಿ. ಅರ್ಧ ಚಮಚ ಉಪ್ಪು ಬೆರೆಸಿ ಕಾಲು ಗಂಟೆ ಬಿಟ್ಟು ನೀರು ಹಿಂಡಿ. ಒಂದು ಡೆಸಿಲೀಟರ್ ವಿನಿಗರ್, ಅದರ ಅರ್ಧದಷ್ಟು ನೀರು, ಮೂರು ದೊಡ್ಡ ಚಮಚ ಸಕ್ಕರೆ, ಪುಡಿ ಮಾಡಿದ ಮೆಣಸು. ಸಕ್ಕರೆ ಕರಗಿದ ಮೇಲೆ ಸೌತೆಕಾಯಿ ಹಾಕಿ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಇಲ್ಲಿನವರು ಸಕ್ಕರೆ ಇನ್ನೂ ಜಾಸ್ತಿ ಹಾಕುತ್ತಾರೆ. ಗೊಜ್ಜು ತಿಂದು ಬೆಳೆದ ನಾಲಿಗೆಗೆ ಈ ಹುಳಿ-ಸಿಹಿ ಹೊಸದೇನಲ್ಲ, ಮೊದಲ ದಿನವೇ ಒಗ್ಗುತ್ತದೆ. ಅಂದ ಹಾಗೆ, ಇಲ್ಲಿನ ಪಾಕವಿಧಾನಗಳಲ್ಲಿ ಅಳತೆ ಎಲ್ಲ ಡೆಸಿಲೀಟರ್ ಲೆಕ್ಕದಲ್ಲೇ ಇರುತ್ತದೆ. ಒಂದು ಡೆಸಿಲೀಟರ್ ಅಂದರೆ 100 ಮಿಲಿಲೀಟರ್, ಅಷ್ಟೇ.

ರೋಕೊಸ್ಟ್ ಅನ್ನುವುದು ಇನ್ನೂ ಸುಲಭ. ತುರಿದ ಕ್ಯಾರೆಟ್‌ಗೆ ನಿಂಬೆ ಅಥವಾ ಕಿತ್ತಳೆ ರಸ, ಒಣದ್ರಾಕ್ಷಿ, ಬೇಕಾದರೆ ಸೇಬು. ಇದು ನಮ್ಮ ಕೋಸಂಬರಿಯ ತಂಗಿ. ನಾನು ನೆನೆಸಿದ ಹೆಸರುಬೇಳೆ ಸೇರಿಸಿ, ಸಾಸಿವೆ ಇಂಗಿನ ಒಗ್ಗರಣೆ ಕೊಡುತ್ತೇನೆ. ಅಂಗಡಿಯಲ್ಲಿ ಲಾಮೆಫ್ಯೋರ್ಡ್ ಕ್ಯಾರೆಟ್ ಅಂತ ಕಂಡರೆ ಅದನ್ನೇ ತೆಗೆದುಕೊಳ್ಳಿ. ಶೆಲಂಡ್ ದ್ವೀಪದಲ್ಲಿ ಸಮುದ್ರದ ಒಂದು ಕೊಲ್ಲಿಗೆ 1870ರ ದಶಕದಲ್ಲಿ ಒಡ್ಡು ಕಟ್ಟಿ ನೀರು ಹೊರಹಾಕಿ ಹೊಲ ಮಾಡಿದರು. ದೇಶದಲ್ಲೇ ಅತಿ ತಗ್ಗಿನ ನೆಲ ಅಲ್ಲಿದೆ, ಸಮುದ್ರ ಮಟ್ಟಕ್ಕಿಂತ ಸುಮಾರು 7 ಮೀಟರ್ ಕೆಳಗೆ. ಕಲ್ಲಿಲ್ಲದ ಆ ಸಡಿಲ ಮಣ್ಣಿನಲ್ಲಿ ಕ್ಯಾರೆಟ್ ನೇರವಾಗಿ, ನುಣುಪಾಗಿ ಬೆಳೆಯುತ್ತದೆ. ಹಸಿಯಾಗಿ ತಿನ್ನಲು ಅಷ್ಟು ಚೆನ್ನಾಗಿರುವ ಕ್ಯಾರೆಟ್ ನಾನು ಬೇರೆಲ್ಲೂ ತಿಂದಿಲ್ಲ.

ಈಗ ಕೋಸು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಲೇಬೇಕು, ಯಾಕೆಂದರೆ ಚಳಿಗಾಲ ಪೂರ್ತಿ ನಿಮ್ಮನ್ನು ಸಾಕುವುದು ಇದೇ.

ಕೆಂಪು ಕೋಸಿನ ಪಲ್ಯ ಇಲ್ಲದೆ ಇಲ್ಲಿ ಕ್ರಿಸ್‌ಮಸ್ ಊಟ ಇಲ್ಲ. ಹೆಸರು ರೋಡ್‌ಕೋಲ್. ಒಂದು ಕಿಲೋ ಕೋಸನ್ನು ಸಣ್ಣಗೆ ಹೆಚ್ಚಿ, ಒಂದು ತುಂಡು ಬೆಣ್ಣೆಯಲ್ಲಿ ಬಾಡಿಸಿ, ಒಂದು ಡೆಸಿಲೀಟರ್ ವಿನಿಗರ್, ಅಷ್ಟೇ ಕೆಂಪು ಕರಂಟ್ ಹಣ್ಣಿನ ರಸ ಅಥವಾ ಜೆಲ್ಲಿ, ಉಪ್ಪು, ರುಚಿ ನೋಡಿ ಸಕ್ಕರೆ. ಮುಚ್ಚಿ ಸಣ್ಣ ಉರಿಯಲ್ಲಿ ಒಂದು ಗಂಟೆ. ನಾನು ಎರಡು ಲವಂಗ, ಒಂದು ಚೂರು ಚಕ್ಕೆ ಹಾಕುತ್ತೇನೆ. ಮಾಡಿದ ದಿನಕ್ಕಿಂತ ಮರುದಿನ ರುಚಿ ಹೆಚ್ಚು. ಹೊರಗೆ ಊಟಕ್ಕೆ ಹೋದಾಗ ಮಾತ್ರ ಕೇಳಿ ತಿನ್ನಿ. ಬಾತುಕೋಳಿಯ ಕೊಬ್ಬಿನಲ್ಲಿ ಮಾಡುವುದು ಇಲ್ಲಿನ ಹಳೆಯ ರೂಢಿ.

ವಿನಿಗರನ್ನು ಮೊದಲೇ ಹಾಕಿ, ಕೊನೆಗೆ ಬಿಡಬೇಡಿ. ಕೆಂಪು ಕೋಸಿನ ಬಣ್ಣ ಹುಳಿ ಇದ್ದರೆ ಕೆಂಪಾಗಿ ಉಳಿಯುತ್ತದೆ, ಇಲ್ಲದಿದ್ದರೆ ನೀಲಿಗೆ ತಿರುಗುತ್ತದೆ. ಡೆನ್ಮಾರ್ಕ್‌ನ ನಲ್ಲಿ ನೀರು ಹೆಚ್ಚು ಕಡಿಮೆ ಪೂರ್ತಿ ಅಂತರ್ಜಲ. ಸುಣ್ಣಕಲ್ಲಿನ ಪದರಗಳನ್ನು ಹಾದು ಬರುವುದರಿಂದ ಪೂರ್ವ ಭಾಗದಲ್ಲಿ, ಒಡೆನ್ಸ್ ಇರುವ ನಿಮ್ಮ ಫ್ಯೂನ್ ದ್ವೀಪದಲ್ಲಿ ಕೂಡ, ನೀರು ಗಡಸು. ನಿಮ್ಮ ಕೆಟಲ್ ತಳದಲ್ಲಿ ಆಗಲೇ ಬಿಳಿ ಪೊರೆ ಕಟ್ಟಿರಬಹುದು. ಇದೇ ನೀರು ತೊಗರಿಬೇಳೆಗೂ ತೊಂದರೆ ಕೊಡುತ್ತದೆ. ಎಷ್ಟು ಕುದಿಸಿದರೂ ಬೇಳೆ ಕರಗುವುದಿಲ್ಲ. ಬೇಳೆ ಕೆಟ್ಟದ್ದು ಅಂದುಕೊಳ್ಳಬೇಡಿ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ ಬೇಳೆಯನ್ನು ಮೆತ್ತಗಾಗಲು ಬಿಡುವುದಿಲ್ಲ. ಕುಕ್ಕರ್ ಬಳಸಿ, ಚಿಟಿಕೆ ಅಡುಗೆ ಸೋಡಾ ಹಾಕಿ. ಅಂಗಡಿಯಲ್ಲಿ ಅದಕ್ಕೆ ನಾಟ್ರೊನ್ ಅಂತ ಹೆಸರು. ಹುಣಸೆಹುಳಿಯನ್ನು ಬೇಳೆ ಪೂರ್ತಿ ಬೆಂದ ಮೇಲೆಯೇ ಸೇರಿಸಿ.

ಚೂಪು ತುದಿಯ ಒಂದು ಕೋಸು ಸಿಗುತ್ತದೆ, ಸ್ಪಿಸ್‌ಕೋಲ್ ಅಂತ. ನಮ್ಮ ಕೋಸಿಗಿಂತ ಮೃದು, ಸಿಹಿ, ಬೇಗ ಬೇಯುತ್ತದೆ. ಉದ್ದಕ್ಕೆ ನಾಲ್ಕು ಭಾಗ ಮಾಡಿ, ಬೆಣ್ಣೆ ಸವರಿ, ಕಾದ ಬಾಣಲೆಯಲ್ಲಿ ಕತ್ತರಿಸಿದ ಮೈ ಕಪ್ಪಾಗುವವರೆಗೆ ಇಟ್ಟು, ಆಮೇಲೆ ಓವನ್‌ನಲ್ಲಿ 200 ಡಿಗ್ರಿಯಲ್ಲಿ ಕಾಲು ಗಂಟೆ. ಮೇಲೆ ನಿಂಬೆರಸ, ಹುರಿದ ಹೇಝಲ್‌ನಟ್ ಚೂರು. ಆಫೀಸಿನಿಂದ ಸುಸ್ತಾಗಿ ಬಂದ ದಿನ ನಾನು ಮಾಡುವುದು ಇದನ್ನೇ. ಸಾದಾ ಬಿಳಿ ಕೋಸನ್ನು ಬೇಯಿಸಿ, ಮೇಲೆ ಹೇಳಿದ ಬಿಳಿ ಸಾಸ್‌ನಲ್ಲಿ ಬೆರೆಸಿ ತಿನ್ನುವ ಪದ್ಧತಿಯೂ ಇದೆ. ಗ್ರೊಂಕೋಲ್, ಅಂದರೆ ಕೇಲ್ ಸೊಪ್ಪನ್ನೂ ಹಾಗೇ ಮಾಡುತ್ತಾರೆ. ರುಚಿಯಾಗಿರುತ್ತದೆ, ಆದರೆ ಹಾಲು-ಬೆಣ್ಣೆ ಸೇರಿ ಹಗುರವಾಗಿರುವುದಿಲ್ಲ. ಭಾನುವಾರಕ್ಕೆ ಇಟ್ಟುಕೊಳ್ಳಿ. ಉಳಿದ ದಿನ ಕೇಲ್‌ನಿಂದ ತಂಬುಳಿ ಮಾಡಿ. ದಪ್ಪ ದಂಟು ತೆಗೆದು, ಜೀರಿಗೆ, ಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆಗೆ ಹಾಕಿ. ಮಜ್ಜಿಗೆ ಕೆರ್ನೆಮೆಲ್ಕ್ ಹೆಸರಿನಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಹಿಮ ಬಿದ್ದ ಮೇಲೆ ಬರುವ ಕೇಲ್ ಸ್ವಲ್ಪ ಸಿಹಿ, ತಂಬುಳಿಗೆ ಅದೇ ಒಳ್ಳೆಯದು.

ಹೆಸರು ಗೊತ್ತಿಲ್ಲದ ಗಡ್ಡೆಗಳು ಅಂದಿರಲ್ಲ, ಅವುಗಳಲ್ಲಿ ಒಂದನ್ನು ಖಂಡಿತ ಮನೆಗೆ ತನ್ನಿ. ಮಣ್ಣು ಮೆತ್ತಿಕೊಂಡು, ಬೇರು ಬಿಟ್ಟುಕೊಂಡು, ನೋಡಲು ಒರಟಾಗಿರುವ ಗುಂಡನೆಯ ಗಡ್ಡೆ. ಅದು ಕ್ನೋಲ್‌ಸೆಲೆರಿ, ಸೆಲೆರಿಯ ಗಡ್ಡೆ. ಓಮ, ಕೊತ್ತಂಬರಿ, ಕ್ಯಾರೆಟ್‌ಗಳ ಕುಟುಂಬದ್ದೇ. ಚೆನ್ನಾಗಿ ತೊಳೆದು, ಎಣ್ಣೆ ಉಪ್ಪು ಸವರಿ, ಇಡಿಯಾಗಿ 180 ಡಿಗ್ರಿಯಲ್ಲಿ ಎರಡು ಗಂಟೆ ಬೇಯಲು ಬಿಡಿ. ನಿಮ್ಮ ಕೆಲಸ ಏನೂ ಇಲ್ಲ, ಓವನ್ ನೋಡಿಕೊಳ್ಳುತ್ತದೆ. ಹೊರಗಿನ ಸಿಪ್ಪೆ ಗಟ್ಟಿಯಾಗಿ, ಒಳಗೆ ಬೆಣ್ಣೆಯಂತೆ ಮೆತ್ತಗಾಗುತ್ತದೆ. ದಪ್ಪ ಬಿಲ್ಲೆ ಕೊಯ್ದು, ಕಂದು ಬಣ್ಣಕ್ಕೆ ಕಾಯಿಸಿದ ಬೆಣ್ಣೆ ಸುರಿದು ತಿನ್ನಬೇಕು. ಜೊತೆಗೆ ಆ ಸೌತೆಕಾಯಿ ಇದ್ದರೆ ಸಾಕು. ಕಂದು ಬೆಣ್ಣೆ ಅಂದರೆ ನಮ್ಮ ತುಪ್ಪ ಕಾಯಿಸುವಾಗ ಗಸಿ ಕೆಂಪಾಗುವ ಆ ಹಂತ. ನಿಮಗೆ ಅದನ್ನು ಹೇಳಿಕೊಡುವುದೇ ಬೇಡ. ಶುಂಠಿಯಂತೆ ಕಾಣುವ ಯೋರ್‌ಸ್ಕೊಕ್ಕರ್ ಕೂಡ ಸೂಪ್‌ಗೆ ಬಹಳ ರುಚಿ. ಆದರೆ ಹೊಟ್ಟೆಯಲ್ಲಿ ವಾಯು ಮಾಡುತ್ತದೆ, ಮೊದಲ ಸಲ ಸ್ವಲ್ಪವೇ ತಿಂದು ನೋಡಿ.

ಆಲೂಗಡ್ಡೆ ವರ್ಷವಿಡೀ ಇರುತ್ತದೆ. ಆದರೆ ಮೇ ಕೊನೆ, ಜೂನ್ ಹೊತ್ತಿಗೆ ಬರುವ ಹೊಸ ಆಲೂಗಡ್ಡೆಗೆ ಇಲ್ಲಿ ಜನ ಕಾಯುತ್ತಾರೆ. ಸಾಮ್ಸೊ ದ್ವೀಪದ ಮೊದಲ ಬೆಳೆಗೆ ದುಬಾರಿ ಬೆಲೆ ಇರುತ್ತದೆ. ಬೆರಳಲ್ಲಿ ಉಜ್ಜಿದರೆ ಸಿಪ್ಪೆ ಹೋಗುತ್ತದೆ. ಉಪ್ಪುನೀರಿನಲ್ಲಿ ಬೇಯಿಸಿ ಬೆಣ್ಣೆ, ಸಬ್ಬಸಿಗೆ ಸೊಪ್ಪು ಹಾಕಿದರೆ ಮುಗಿಯಿತು. ಹೌದು, ಸಬ್ಬಸಿಗೆ! ಇಲ್ಲಿ ಡಿಲ್ ಅನ್ನುವುದು ಅದೇ. ನಮ್ಮದಕ್ಕಿಂತ ಘಮ ಸ್ವಲ್ಪ ಮೃದು. ಸೂಪರ್‌ಮಾರ್ಕೆಟ್‌ನಲ್ಲಿ ಪುಟ್ಟ ಕುಂಡದಲ್ಲಿ ಮಾರುತ್ತಾರೆ, ಅದು ಅಕ್ಕಿರೊಟ್ಟಿಗೆ ಸಾಲುವುದಿಲ್ಲ. ತುರ್ಕಿ, ಅರಬ್, ಇರಾನಿ ಅಂಗಡಿಗಳಲ್ಲಿ ದೊಡ್ಡ ಕಟ್ಟು ಕೇಳಿ. ಸಬ್ಬಸಿಗೆ ಸಿಕ್ಕಿತು ಅಂದ ಮೇಲೆ ಅರ್ಧ ಊರೇ ಸಿಕ್ಕಂತೆ, ಅಲ್ವಾ?

ಮಿಕ್ಕ ಆಲೂಗಡ್ಡೆಯನ್ನು ಎಸೆಯಬೇಡಿ. ಮರುದಿನ ತಣ್ಣಗೆ ಬಿಲ್ಲೆ ಕೊಯ್ದು, ಬೆಣ್ಣೆ ಹಚ್ಚಿದ ರೈ ಬ್ರೆಡ್ ಮೇಲೆ ಜೋಡಿಸಿ. ಮೇಲೆ ಸಣ್ಣಗೆ ಹೆಚ್ಚಿದ ಚೈವ್ಸ್, ಮೂಲಂಗಿ, ಗರಿಗರಿ ಹುರಿದ ಈರುಳ್ಳಿ. ಇದಕ್ಕೆ ಕಾರ್ಟೊಫೆಲ್‌ಮಾಡ್ ಅಂತ ಹೆಸರು. ಇಲ್ಲಿನವರು ಮಯೊನೇಸ್ ಹಾಕುತ್ತಾರೆ, ಅದರಲ್ಲಿ ಮೊಟ್ಟೆ ಇರುತ್ತದೆ. ನೀವು ಗಟ್ಟಿ ಮೊಸರಿಗೆ ಸಾಸಿವೆ ಪೇಸ್ಟ್, ಉಪ್ಪು ಕಲಸಿ ಹಾಕಿ. ಇವರು ಇದನ್ನು ಮಧ್ಯಾಹ್ನ ತಿನ್ನುತ್ತಾರೆ. ನನ್ನ ಕೇಳಿದರೆ ರಾತ್ರಿಗೇ ಇದು ಚೆನ್ನ. ರೈ ಬ್ರೆಡ್ ಕಪ್ಪಗೆ, ಭಾರವಾಗಿ, ಹುಳಿಯಾಗಿ ಇರುತ್ತದೆ. ಮೊದಲು ಇಷ್ಟವಾಗದೆ ಇರಬಹುದು. ತೆಳ್ಳಗೆ ಕೊಯ್ದು ತವಾದಲ್ಲಿ ಬಿಸಿ ಮಾಡಿ ತಿಂದು ನೋಡಿ. ಎರಡು ಹೋಳು ತಿಂದರೆ ಬೆಳಗಿನವರೆಗೆ ಹಸಿವಾಗುವುದಿಲ್ಲ.

ಬೇಳೆಯ ಕಡೆಗೂ ಡೆನ್ಮಾರ್ಕ್ ಈಗ ತಿರುಗುತ್ತಿದೆ. ಸರ್ಕಾರ 2021ರಲ್ಲಿ ಕೊಟ್ಟ ಆಹಾರ ಸಲಹೆಯಲ್ಲಿ ದಿನಕ್ಕೆ 600 ಗ್ರಾಂ ಹಣ್ಣು ತರಕಾರಿ, ಬೇಯಿಸಿದ ಬೇಳೆಕಾಳು ಸುಮಾರು 100 ಗ್ರಾಂ ತಿನ್ನಿ ಅಂತ ಹೇಳಿದ್ದಾರೆ. ಒಡೆದ ಹಳದಿ ಬಟಾಣಿ ಇಲ್ಲಿನ ಹಳೆಯ ಪದಾರ್ಥವೇ. ಹಂದಿಮಾಂಸದ ಜೊತೆ ಸೂಪ್ ಮಾಡುತ್ತಿದ್ದರು. ನಾವು ಅದನ್ನೇ ಬೇಯಿಸಿ, ಲೀಕ್, ಕ್ಯಾರೆಟ್, ಸೆಲೆರಿ ಗಡ್ಡೆ ಹಾಕಿ, ಇಂಗು ಜೀರಿಗೆ ಒಗ್ಗರಣೆ ಕೊಟ್ಟು ಕುಡಿಯುತ್ತೇವೆ. ತೊಗರಿಬೇಳೆ ಮುಗಿದ ವಾರ ಸಾರಿಗೂ ನಡೆಯುತ್ತದೆ.

ಏಪ್ರಿಲ್, ಮೇ ತಿಂಗಳಲ್ಲಿ ಬೀಚ್ (beech) ಜಾತಿಯ ಮರಗಳ ಕಾಡಿನಲ್ಲಿ ರಾಮ್ಸ್‌ಲೊಯ್ ಅನ್ನುವ ಕಾಡು ಬೆಳ್ಳುಳ್ಳಿ ಸೊಪ್ಪು ಹಾಸಿಕೊಂಡಿರುತ್ತದೆ. ಬೆಳ್ಳುಳ್ಳಿ ತಿನ್ನುವವರಾದರೆ ಇದರ ತಂಬುಳಿ ಅಥವಾ ಚಟ್ನಿ ಮಾಡಲೇಬೇಕು. ಆದರೆ ಹುಷಾರು. ಲಿಲಿ ಆಫ್ ದಿ ವ್ಯಾಲಿ ಅನ್ನುವ ವಿಷದ ಗಿಡದ ಎಲೆಯೂ ಹೀಗೇ ಕಾಣುತ್ತದೆ. ಕಾಡು ಬೆಳ್ಳುಳ್ಳಿಯ ಪ್ರತಿ ಎಲೆಯೂ ತನ್ನದೇ ದಂಟಿನಲ್ಲಿ ನೆಲದಿಂದ ಬೇರೆ ಬೇರೆಯಾಗಿ ಏಳುತ್ತದೆ. ವಿಷದ ಗಿಡದಲ್ಲಿ ಒಂದೇ ದಂಟಿಗೆ ಎರಡು ಎಲೆ ಸುತ್ತಿಕೊಂಡಿರುತ್ತವೆ. ವಾಸನೆಯನ್ನು ಮಾತ್ರ ನಂಬಬೇಡಿ. ಕೈಗೆ ಬೆಳ್ಳುಳ್ಳಿ ವಾಸನೆ ಹತ್ತಿದ ಮೇಲೆ ಯಾವ ಎಲೆ ಮೂಸಿದರೂ ಹಾಗೇ ಇರುತ್ತದೆ. ಮೊದಲ ವರ್ಷ ಗೊತ್ತಿರುವವರ ಜೊತೆಗೇ ಹೋಗಿ.

ಬೇಸಿಗೆಯ ಸೆಕೆಗೆ ಕೋಲ್‌ಸ್ಕೋಲ್ ಇದೆ. ಮಜ್ಜಿಗೆ, ಮೊಸರು, ಸಕ್ಕರೆ, ನಿಂಬೆ, ವೆನಿಲಾ ಕಲಸಿದ ತಣ್ಣನೆಯ ಪಾನಕ. ಮೇಲೆ ಸ್ಟ್ರಾಬೆರಿ. ಅಂಗಡಿಯದರಲ್ಲಿ ಎಷ್ಟೋ ಸಲ ಮೊಟ್ಟೆ ಇರುತ್ತದೆ, ಮನೆಯಲ್ಲೇ ಮಾಡಿ. ಸಿಹಿಯಾದರೂ ಜುಲೈನಲ್ಲಿ ಎಷ್ಟೋ ಮನೆಗಳಲ್ಲಿ ರಾತ್ರಿ ಊಟ ಇದೇ. ಇದರೊಂದಿಗೆ ಹಾಕುವ ಪುಟ್ಟ ಬಿಸ್ಕತ್ತಿನಲ್ಲೂ ಸಾಮಾನ್ಯವಾಗಿ ಮೊಟ್ಟೆ ಇರುತ್ತದೆ, ಪೊಟ್ಟಣ ತಿರುಗಿಸಿ ಎಗ್ ಅನ್ನುವ ಪದ ನೋಡಿ. ಡ್ಯಾನಿಶ್‌ನಲ್ಲಿ ಅದನ್ನು æg ಅಂತ ಬರೆಯುತ್ತಾರೆ, ಜೊತೆಗೆ ಗೆಲಟಿನ್, ಹುಸ್‌ಬ್ಲಾಸ್ ಇದ್ದರೂ ಬಿಡಿ. ಎರಡೂ ಪ್ರಾಣಿಜನ್ಯ.

ತರಕಾರಿ ಎಲ್ಲಿ ತರುವುದು ಅಂದರೆ, ನೀವಿರುವ ಫ್ಯೂನ್‌ಗೆ ಡೆನ್ಮಾರ್ಕ್‌ನ ತೋಟ ಅಂತಲೇ ಹೆಸರು. ಊರಾಚೆ ಹೊರಟರೆ ರಸ್ತೆ ಬದಿಯಲ್ಲಿ ರೈತರು ಸಣ್ಣ ಗೂಡಂಗಡಿ ಇಟ್ಟಿರುತ್ತಾರೆ. ಯಾರೂ ಕಾಯುತ್ತಿರುವುದಿಲ್ಲ. ಆಲೂಗಡ್ಡೆ, ಬಟಾಣಿ, ಬೀಟ್‌ರೂಟ್ ತೆಗೆದುಕೊಂಡು ಡಬ್ಬಕ್ಕೆ ದುಡ್ಡು ಹಾಕಿ ಅಥವಾ ಮೊಬೈಲ್‌ಪೇಯಲ್ಲಿ ಕಳಿಸಿ ಬರಬೇಕು. ಜೂನ್ ಕೊನೆಯ ಹೊತ್ತಿಗೆ ಸಿಪ್ಪೆ ಸಮೇತ ಸಿಗುವ ಹಸಿ ಬಟಾಣಿಯನ್ನು ಎರಡು ಚೀಲ ತನ್ನಿ. ಒಂದು ಚೀಲ ಮನೆ ಮುಟ್ಟುವ ಮೊದಲೇ ಮಕ್ಕಳ ಹೊಟ್ಟೆ ಸೇರುತ್ತದೆ.