ಜಮೀನು ಕೊಟ್ಟ ಊರು, ಕೆಲಸ ಕೊಡದ ಗೇಟು

ಮದ್ದೂರು ತಾಲ್ಲೂಕಿನ ಓದುಗರೊಬ್ಬರು ಮೂರು ಪುಟಗಳ ಕಾಗದ ಬರೆದಿದ್ದಾರೆ. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ ಮಗ ಎರಡು ವರ್ಷಗಳಿಂದ ಮನೆಯಲ್ಲಿ ಕುಳಿತಿದ್ದಾನೆ. ಹತ್ತಿರದಲ್ಲೇ ಕಾರ್ಖಾನೆಗಳಿದ್ದರೂ ಒಳಗೆ ದುಡಿಯುವವರಲ್ಲಿ ಬಹುಪಾಲು ಹೊರರಾಜ್ಯದವರು. ಸರ್ಕಾರ 2024ರಲ್ಲಿ ಸ್ಥಳೀಯರ ಮೀಸಲಾತಿಗೆಂದು ತಂದ ಮಸೂದೆಯನ್ನು ಎರಡೇ ದಿನಗಳಲ್ಲಿ ಮಡಚಿಟ್ಟಿದ್ದೇಕೆ, ಖಾಸಗಿ ಕೆಲಸಗಳನ್ನೆಲ್ಲ ನೂರಕ್ಕೆ ನೂರು ಕನ್ನಡಿಗರಿಗೇ ಕೊಟ್ಟರೆ ತಪ್ಪೇನು ಎಂಬುದು ಅವರ ಪ್ರಶ್ನೆ. ‘ನೀವು ಪತ್ರಿಕೆಯವರು ಇಂಥದ್ದಕ್ಕೆ ಉತ್ತರ ಕೊಡುವುದಿಲ್ಲ ಬಿಡಿ’ ಎಂದು ಕೊನೆಯಲ್ಲಿ ಚುಚ್ಚಿದ್ದಾರೆ. ಚುಚ್ಚಿದ್ದು ನಾಟಿದ್ದರಿಂದ ಈ ಸಲ ಉಳಿದ ಪತ್ರಗಳನ್ನು ಬದಿಗಿಟ್ಟಿದ್ದೇನೆ.

ಮಾನ್ಯರೇ, ಮೊದಲು ತಮ್ಮ ‘ನೂರಕ್ಕೆ ನೂರ’ನ್ನು ಮುಗಿಸಿಬಿಡೋಣ. ಮಂಡ್ಯ ಜಿಲ್ಲೆಯ ಎಷ್ಟು ಮನೆಗಳ ಮಕ್ಕಳು ಪುಣೆಯಲ್ಲಿ, ಹೈದರಾಬಾದಿನಲ್ಲಿ, ದುಬೈಯಲ್ಲಿ ದುಡಿದು ಊರಿಗೆ ಹಣ ಕಳಿಸುತ್ತಿದ್ದಾರೆ ಎಂಬುದನ್ನು ತಾವು ನನಗಿಂತ ಚೆನ್ನಾಗಿ ಬಲ್ಲಿರಿ. ಅಲ್ಲಿನವರೂ ತಮ್ಮ ಹಾಗೆಯೇ ಬರೆದರೆ ಗತಿಯೇನು? ಮಸೂದೆಯನ್ನು ವಿರೋಧಿಸಿದ ಉದ್ಯಮಿಗಳ ಮಾತಿನಲ್ಲೂ ತಿರುಳಿಲ್ಲವೆಂದಲ್ಲ. ಆಡಳಿತ ಹುದ್ದೆಗಳಲ್ಲಿ ಶೇ 50, ಉಳಿದವುಗಳಲ್ಲಿ ಶೇ 70 ಎಂದು ಹೇಳುತ್ತಿದ್ದ ಆ ಮಸೂದೆ ವಿಧಾನಸಭೆಯ ಮೆಟ್ಟಿಲು ಹತ್ತಿದ್ದರೂ ನ್ಯಾಯಾಲಯದಲ್ಲಿ ನಿಲ್ಲುವುದು ಕಷ್ಟವಿತ್ತು. ತಿಂಗಳಿಗೆ 30,000 ರೂಪಾಯಿಯೊಳಗಿನ ಖಾಸಗಿ ಕೆಲಸಗಳಲ್ಲಿ ಶೇ 75ರಷ್ಟನ್ನು ಸ್ಥಳೀಯರಿಗೆ ಮೀಸಲಿಟ್ಟ ಹರಿಯಾಣದ ಕಾಯ್ದೆಯನ್ನು ಅಲ್ಲಿನ ಹೈಕೋರ್ಟು 2023ರ ನವೆಂಬರಿನಲ್ಲೇ ಅಸಾಂವಿಧಾನಿಕವೆಂದು ತಳ್ಳಿಹಾಕಿತ್ತು. ಇಷ್ಟು ಗೊತ್ತಿದ್ದೂ ಅದೇ ದಾರಿ ಹಿಡಿದ ನಮ್ಮವರಿಗೆ ಬೇಕಿದ್ದದ್ದು ಕಾನೂನೋ ಚಪ್ಪಾಳೆಯೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಆದರೆ ತಮ್ಮ ಸಿಟ್ಟು ನ್ಯಾಯವಾದದ್ದು, ಮತ್ತು ಅದು ಹರಿಯಬೇಕಾದ ಕಡೆಯೇ ಬೇರೆ. ಉದ್ಯಮಗಳ ಜುಟ್ಟು ಸರ್ಕಾರದ ಕೈಯಲ್ಲಿ ಮೊದಲಿನಿಂದಲೂ ಇದೆ. ಜಮೀನು ವಶಪಡಿಸಿಕೊಂಡು ಹಂಚುವುದು ಅದು. ನೀರು, ವಿದ್ಯುತ್ತು, ತೆರಿಗೆಯ ರಿಯಾಯಿತಿ ಕೊಡುವುದೂ ಅದೇ. 2020-25ರ ಕೈಗಾರಿಕಾ ನೀತಿಯಲ್ಲೇ ಒಟ್ಟು ಉದ್ಯೋಗದಲ್ಲಿ ಕನಿಷ್ಠ ಶೇ 70, ಡಿ ಗುಂಪಿನ ಕೆಲಸಗಳಲ್ಲಿ ಪೂರ್ತಿಯಾಗಿ ಕನ್ನಡಿಗರಿರಬೇಕು ಎಂದು ಬರೆದಿತ್ತು. ಕೊಟ್ಟದ್ದಕ್ಕೆ ಪ್ರತಿಯಾಗಿ ಕೇಳಿದ ಷರತ್ತನ್ನು ನಡೆಸಿಕೊಡಿ ಎನ್ನುವುದು ಎಲ್ಲರ ಮೇಲೂ ಹೇರುವ ಮೀಸಲಾತಿಗಿಂತ ಗಟ್ಟಿಯಾದ ನೆಲ ಎಂಬುದು ನನ್ನ ಹಳೆಯ ಹಟ. ಆ ಶೇ 70ನ್ನು ಎಣಿಸಿದವರು ಯಾರು? ಯಾವ ಕಾರ್ಖಾನೆಗೆ ಎಷ್ಟು ಎಕರೆ ಹೋಯಿತು, ಎಷ್ಟು ಜನ ಊರಿನವರಿಗೆ ಕೆಲಸ ಸಿಕ್ಕಿತು ಎಂಬ ಪಟ್ಟಿ ತಾಲ್ಲೂಕು ಕಚೇರಿಯ ಗೋಡೆಯ ಮೇಲೆ ಅಂಟಿದ್ದನ್ನು ನಾನಂತೂ ಕಂಡಿಲ್ಲ.

ಕಳೆದ ವರ್ಷ ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಬೆಳಗಿನ ಆರು ಗಂಟೆಗೆ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿದ್ದೆ. ಮೊದಲ ಪಾಳಿಗೆ ಗುತ್ತಿಗೆದಾರನ ಟೆಂಪೋದಿಂದ ಇಳಿದ ಹುಡುಗರು ಒರಿಯಾ, ಭೋಜಪುರಿ ಆಡುತ್ತಾ ಬಂದು ಟೀ ಕುಡಿದು, ಸಾಲ ಬರೆಸಿ ಒಳಗೆ ಹೋದರು. ಅಂಗಡಿಯಾತ ಅವರ ಹೆಸರುಗಳನ್ನು ದುಂಡನೆಯ ಕನ್ನಡ ಅಕ್ಷರದಲ್ಲಿ ಸಾಲದ ಪುಸ್ತಕಕ್ಕೆ ಇಳಿಸುತ್ತಿದ್ದ. ಮಾತಿಗೆಳೆದಾಗ ತಿಳಿದದ್ದು, ಅವನ ತಂದೆಯ ಎರಡೂವರೆ ಎಕರೆ ಇದೇ ಬಡಾವಣೆಯೊಳಗೆ ಸೇರಿಹೋಗಿದೆ. ‘ಇವ್ರು ಹಬ್ಬ, ತಿಥಿ ಅಂತ ರಜ ಕೇಳಲ್ಲ ಸಾ, ಶೆಡ್ಡಲ್ಲೇ ಮಲಗ್ತಾರೆ, ಅದಕ್ಕೇ ಮೇಸ್ತ್ರಿಗೆ ಇವ್ರೇ ಬೇಕು’ ಎಂದ, ಅವರ ಮೇಲೆ ಕಿಂಚಿತ್ತೂ ಕೋಪವಿಲ್ಲದೆ. ನಮ್ಮ ಹುಡುಗರಿಗೆ ಕೌಶಲವಿಲ್ಲ ಎಂಬ ಭಾಷಣವನ್ನು ಕೇಳಿದಾಗಲೆಲ್ಲ ನನಗೆ ಆ ಪುಸ್ತಕ ನೆನಪಾಗುತ್ತದೆ. ಲೋಡಿಂಗಿಗೆ, ಪ್ಯಾಕಿಂಗಿಗೆ ಯಾವ ಕೌಶಲ ಕೊರತೆಯಾಯಿತು ಸ್ವಾಮಿ? ಕಂಪನಿ ರೋಲಿನಲ್ಲಿರುವವರನ್ನು ಮಾತ್ರ ಎಣಿಸಿದರೆ ಶೇ 70 ತೋರಿಸುವುದು ಸುಲಭ. ಗುತ್ತಿಗೆಯಲ್ಲಿ ಬಂದವರು ಆ ಲೆಕ್ಕದಿಂದ ಹೊರಗುಳಿಯುತ್ತಾರೆ. ಎಣಿಸುವುದಾದರೆ ಗೇಟಿನೊಳಗೆ ಹೋಗುವ ಪ್ರತಿ ತಲೆಯನ್ನೂ ಎಣಿಸಬೇಕು, ಹೊರಗಿನಿಂದ ಬಂದ ಹುಡುಗನಿಗೂ ಇಲ್ಲಿನವನಿಗೂ ಒಂದೇ ಕೂಲಿ, ಒಂದೇ ರಜೆ ಇರಬೇಕು. ಆಗ ಮೇಸ್ತ್ರಿಯ ಲಾಭವೇ ಹೋಗುತ್ತದೆ.

ಇಂಥ ಕಾಗದದ ಹಕ್ಕುಗಳ ರುಚಿ ನನಗೂ ಗೊತ್ತು. ಬಿ.ಎ. ಮುಗಿಸಿದ ಮೇಲೆ ಉದ್ಯೋಗ ವಿನಿಮಯ ಕಚೇರಿಯ ಕಾರ್ಡನ್ನು ಮೂರು ವರ್ಷಕ್ಕೊಮ್ಮೆಯಂತೆ ಎರಡು ಸಲ ನವೀಕರಿಸಿದೆ. ಸಾಲಿನಲ್ಲಿ ಪರಿಚಯವಾದ ಗೆಳೆಯರು ಸಿಕ್ಕಿದರೇ ಹೊರತು ಒಂದು ಸಂದರ್ಶನದ ಕರೆಯೂ ಬರಲಿಲ್ಲ. ಖಾಲಿ ಹುದ್ದೆಗಳನ್ನು ಆ ಕಚೇರಿಗೆ ತಿಳಿಸಲೇಬೇಕೆಂದ 1959ರ ಕಾಯ್ದೆ, ಅಲ್ಲಿಂದಲೇ ಜನರನ್ನು ತೆಗೆದುಕೊಳ್ಳಬೇಕಾಗಿಲ್ಲ ಎಂದೂ ಹೇಳಿದ್ದು ನನಗೆ ತಿಳಿದದ್ದು ಪತ್ರಿಕೆಗೆ ಸೇರಿದ ಮೇಲೆ. ಕನ್ನಡಿಗರಿಗೆ ಉದ್ಯೋಗ ಒದಗಿಸುವ ಬಗ್ಗೆ 1983ರಲ್ಲಿ ನೇಮಕವಾದ ಸರೋಜಿನಿ ಮಹಿಷಿ ಸಮಿತಿ 58 ಶಿಫಾರಸುಗಳನ್ನು ಮಾಡಿತು. ರಾಜ್ಯೋತ್ಸವದ ವೇದಿಕೆಗಳಲ್ಲಿ ಅದನ್ನು ಮಂತ್ರದಂತೆ ಪಠಿಸಿ ಶಾಲು ಹೊದ್ದು ಮನೆಗೆ ಹೋಗುವುದು ನಮಗೆ ರೂಢಿಯಾಗಿದೆ. ರಾಜ್ಯ ಸರ್ಕಾರದ ನಿರುದ್ಯೋಗ ಭತ್ಯೆಯಾದ ಯುವನಿಧಿಯಲ್ಲಿ ಡಿಪ್ಲೊಮಾದವರಿಗೆ ತಿಂಗಳಿಗೆ 1,500, ಪದವೀಧರರಿಗೆ 3,000 ರೂಪಾಯಿ, ಹೆಚ್ಚೆಂದರೆ ಎರಡು ವರ್ಷ ಸಿಗುತ್ತದೆ. ಅದನ್ನು ಹೀಗಳೆಯುವವನು ನಾನಲ್ಲ, ಅರ್ಜಿ ಹಿಡಿದು ತಿರುಗುವ ಹುಡುಗನಿಗೆ ಅದು ದೊಡ್ಡ ಆಸರೆ. ಆದರೆ ಅಷ್ಟೇ ಹಣವನ್ನು ಅಪ್ರೆಂಟಿಸ್ ಭತ್ಯೆಗೆ ಸೇರಿಸಿ ಅವನನ್ನು ಅದೇ ಕಾರ್ಖಾನೆಯ ಯಂತ್ರದ ಮುಂದೆ ನಿಲ್ಲಿಸಿದ್ದರೆ ಎರಡು ವರ್ಷದ ಕೊನೆಗೆ ಕೌಶಲವಿಲ್ಲ ಎಂಬ ನೆಪವಾದರೂ ಸಾಯುತ್ತಿತ್ತು.

ತಮಗೊಂದು ಕೆಲಸ ಒಪ್ಪಿಸುತ್ತೇನೆ. ಮಾಹಿತಿ ಹಕ್ಕಿನ ಅರ್ಜಿಗೆ ಶುಲ್ಕ ಹತ್ತು ರೂಪಾಯಿ. ತಮ್ಮ ತಾಲ್ಲೂಕಿನಲ್ಲಿ ಸರ್ಕಾರದಿಂದ ಜಮೀನು ಅಥವಾ ರಿಯಾಯಿತಿ ಪಡೆದ ಕಾರ್ಖಾನೆಗಳೆಷ್ಟು, ಗುತ್ತಿಗೆಯವರೂ ಸೇರಿ ಅಲ್ಲಿ ದುಡಿಯುವ ಕನ್ನಡಿಗರೆಷ್ಟು ಎಂದು ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಬರೆಯಿರಿ. ಮೂವತ್ತು ದಿನಗಳಲ್ಲಿ ಏನು ಬಂದರೂ, ಏನೂ ಬರದಿದ್ದರೂ, ನನಗೆ ತಿಳಿಸಿ; ತಮ್ಮ ಮುಂದಿನ ಕಾಗದ ಆರು ಪುಟವಾದರೂ ಒಂದಕ್ಷರ ಕತ್ತರಿಸದೆ ಅಚ್ಚು ಹಾಕುತ್ತೇನೆ.

ಸಂಪಾದಕ