ಹೀರೆ ಬಳ್ಳಿ ತುಂಬ ಹೂವು, ಕಾಯಿ ಮಾತ್ರ ಇಲ್ಲ
ತಾರಸಿಯ ಹೀರೆ ಬಳ್ಳಿಯಲ್ಲಿ ಹೂವು ರಾಶಿ, ಕಾಯಿ ಒಂದೂ ನಿಲ್ಲಲ್ಲ ಅಂದಿರಲ್ಲ, ನನ್ನದೂ 2 ವರ್ಷ ಇದೇ ಗೋಳು. ಮೊದಲು ಬರೋದು ಗೊಂಚಲಾಗಿ ಬಿಡುವ ಗಂಡು ಹೂವು, ಅವು ಉದುರಲೇಬೇಕು. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಹೀರೆ ಇರುತ್ತೆ. ಅದು ಹಳದಿಯಾಗಿ ಉದುರುತ್ತಿದ್ದರೆ ಹೆಚ್ಚಾಗಿ ಪರಾಗಸ್ಪರ್ಶ ಆಗಿರಲ್ಲ. ನಾನು ಪರಾಗ ಮುಟ್ಟಿಸೋಕೆ ಬೆಳಿಗ್ಗೆ ಬ್ರಶ್ ಹಿಡಿದು ಹೋಗಿ ಮುದುಡಿದ ಹೂವು ನೋಡಿ ವಾಪಸ್ ಬರ್ತಿದ್ದೆ, ಪೆದ್ದ! ಹೀರೆ ಅರಳೋದು ಸಂಜೆ. ಆಗ ಗಂಡು ಹೂವು ಕಿತ್ತು, ಎಸಳು ತೆಗೆದು, ಹೆಣ್ಣು ಹೂವಿನ ಮಧ್ಯಕ್ಕೆ ಮೆಲ್ಲಗೆ ಸವರಿ. ಯೂರಿಯಾ ಹಾಕ್ತಿದ್ರೆ ನಿಲ್ಲಿಸಿ, ಬರೀ ಎಲೆ ಬರುತ್ತೆ. ಕಾಯಿ ನಿಂತ ಕೂಡಲೇ ಪೇಪರ್ ಸುತ್ತಿ. ಹಣ್ಣುನೊಣ ಚುಚ್ಚಿದರೆ ಡೊಂಕಾಗಿ ಕೊಳೆಯುತ್ತೆ. ನನ್ನ ಮೊದಲ ಕಾಯಿ ಹಾಗೇ ಹೋಯ್ತು. ಎರಡನೆಯದು ಸಿಪ್ಪೆ ಚಟ್ನಿ ಸಮೇತ ಊಟಕ್ಕಾಯ್ತು.