ಏಳನೆಯ ಪುಟದ ಎತ್ತು

ಪ್ರಿಯ ಮಾಸ್ತರರೇ,

ಜೇವರ್ಗಿಯಿಂದ ನೀವು ಕಳಿಸಿದ 'ಅಸ್ಥಿ ವೈಭವ' ಕಲಬುರಗಿಗೆ ಬಂದು ಮುಟ್ಟಿದೆ. ಹನ್ನೊಂದು ಪುಟ, ದುಂಡನೆಯ ಅಕ್ಷರ. ಎರಡು ಸಲ ಓದಿದೆ. ಈಗಿರುವ ಹಾಗೆ ಇದನ್ನು ಅಚ್ಚು ಹಾಕಲಾರೆ. ಆದರೂ ಪತ್ರ ಉದ್ದವಾಗುತ್ತದೆ. ಏನೂ ಇಲ್ಲದ ಬರಹಕ್ಕೆ ನಾನು ಎರಡೇ ಸಾಲು ಬರೆದು ಕೈ ತೊಳೆದುಕೊಳ್ಳುವವನು.

ಮೊದಲ ನಾಲ್ಕು ಪುಟ ಎಲುಬುಗಳ ಹಾಜರಿ ಪುಸ್ತಕ. 206 ಎಲುಬು ಅಂದಿರಿ, ಸರಿ. ಅವುಗಳಲ್ಲಿ ಮುಕ್ಕಾಲು ಪಾಲಿನ ಹೆಸರು ಕೂಗಿದ್ದೀರಿ, ಒಂದೂ ಎದ್ದು ನಿಂತು 'ಹಾಜರ್ ಸರ' ಅನ್ನುವುದಿಲ್ಲ. ಮಣಿಕಟ್ಟಿನಿಂದ ಬೆರಳ ತುದಿವರೆಗಿನ ಎರಡು ಕೈ, ಎರಡು ಪಾದ ಸೇರಿದರೆ 106 ಎಲುಬು, ಅಂದರೆ ಅರ್ಧಕ್ಕಿಂತ ಹೆಚ್ಚು ಅಲ್ಲೇ ಇವೆ. ಈ ಒಂದು ಮಾತು ಹೇಳಿದ್ದರೆ ಓದುಗ ತನ್ನ ಅಂಗೈ ತಿರುಗಿಸಿ ನೋಡಿಕೊಳ್ಳುತ್ತಿದ್ದ. ಕೂಸು ಚಿಕ್ಕದು, ಹಾಗಾಗಿ ಅದಕ್ಕೆ ಎಲುಬೂ ಕಡಿಮೆ ಎಂದು ಬರೆದದ್ದು ತಪ್ಪು. ಹುಟ್ಟಿದ ಕೂಸಿಗೆ ಸುಮಾರು 300 ಇರುತ್ತವೆ, ಬೆಳೆಯುತ್ತ ಬೆಸೆದುಕೊಂಡು ಕಡಿಮೆಯಾಗುತ್ತವೆ.

ಇನ್ನು ಆ 'ಅಸ್ಥಿ'. ನಮ್ಮ ಕಡೆ ಅಸ್ಥಿ ಎಂದರೆ ಹೊಳೆಗೆ ಬಿಡುವುದು. ಬದುಕಿದವರಿಗೆ ಇರುವುದು ಎಲುಬು. 'ಮಂಡಿ'ಯನ್ನೂ ಬಿಡಿ, ನಿಮ್ಮೂರಿನಲ್ಲಿ ಯಾರಾದರೂ ಮಂಡಿ ನೋವು ಅಂತಾರೇನು? ಮೊಣಕಾಲು ಅನ್ನಿ. ಪುಟಪುಟಕ್ಕೂ ಬರುವ 'ಸೃಷ್ಟಿಯ ಅದ್ಭುತ'ವನ್ನು ನಾನೇ ಹೊಡೆದು ಹಾಕಿದ್ದೇನೆ, ಎಣಿಸಿದರೆ ಒಂಬತ್ತು.

ಐದನೆಯ ಪುಟದ ತಪ್ಪು ದೊಡ್ಡದು. ಕೈ ಚಾಚುವಾಗ ರಟ್ಟೆಯ ಸ್ನಾಯು ಮುಂಗೈಯನ್ನು 'ಹೊರಕ್ಕೆ ದಬ್ಬುತ್ತದೆ' ಎಂದಿದ್ದೀರಿ. ಸ್ನಾಯುವಿಗೆ ದಬ್ಬಲು ಬರುವುದಿಲ್ಲ. ಎಳೆಯುವುದೊಂದೇ ಅದಕ್ಕೆ ಗೊತ್ತು. ಶರಣಬಸವೇಶ್ವರರ ತೇರನ್ನು ಹಗ್ಗ ಹಿಡಿದು ಎಳೆಯಬಹುದು, ಅದೇ ಹಗ್ಗದಿಂದ ತೇರನ್ನು ಹಿಂದಕ್ಕೆ ದಬ್ಬಿ ನೋಡಿ! ಹಿಂದೆ ಹೋಗಬೇಕಾದರೆ ಆ ಕಡೆ ಇನ್ನೊಂದು ಹಗ್ಗ ಬೇಕು. ಅದಕ್ಕೇ ಕೀಲಿನ ಎರಡೂ ಬದಿಗೆ ಸ್ನಾಯು. ಹುಡುಗರಿಗೆ ಹೀಗೆ ತೋರಿಸಿ: ಎಡಗೈಯಿಂದ ಬಲರಟ್ಟೆ ಹಿಡಿದು, ಬಲಗೈಯಿಂದ ಮೇಜನ್ನು ಕೆಳಗಿನಿಂದ ಮೇಲಕ್ಕೆ ಎತ್ತಲು ಹೋದರೆ ರಟ್ಟೆಯ ಮುಂಭಾಗ ಬಿಗಿಯುತ್ತದೆ. ಮೇಜಿನ ಮೇಲೆ ಅಂಗೈ ಇಟ್ಟು ಕೆಳಕ್ಕೆ ಒತ್ತಿದರೆ ಹಿಂಭಾಗ. ಎರಡು ಪುಟ ಉಳಿಯಿತು.

ಮೊಣಕೈಯನ್ನು ಬಿಜಾಗರಿ ಕೀಲು ಎಂದು ಕರೆದು ಸುಮ್ಮನಾಗಿದ್ದೀರಿ. ಬಾಗಿಲನ್ನು ಬಿಜಾಗರಿಯ ಹತ್ತಿರವೇ ಹಿಡಿದು ತೆಗೆಯಲು ಹೋಗಿ, ಎಷ್ಟು ಜೋರು ಹಾಕಬೇಕಾಗುತ್ತದೆ ನೋಡಿ. ರಟ್ಟೆಯ ಸ್ನಾಯು ಮುಂಗೈಯ ಎಲುಬಿಗೆ ಅಂಟಿಕೊಂಡಿರುವುದು ಅಂಥ ಜಾಗದಲ್ಲೇ, ಕೀಲಿನಿಂದ ಬರೀ ನಾಲ್ಕೈದು ಸೆಂಟಿಮೀಟರ್ ದೂರ. ಅಂಗೈಯಲ್ಲಿ ಐದು ಕಿಲೊ ತೊಗರಿಬೇಳೆಯ ಚೀಲ ಹಿಡಿದರೆ ಸ್ನಾಯು ಆ ಭಾರದ ಏಳೆಂಟು ಪಟ್ಟು ಬಲದಿಂದ ಎಳೆಯಬೇಕು. ನಷ್ಟದ ವ್ಯಾಪಾರ ಅನ್ನಿಸೀತು. ಆದರೆ ಸ್ನಾಯು ಒಂದು ಬೆರಳಷ್ಟು ಕುಗ್ಗಿದರೆ ಅಂಗೈ ಗೇಣುಗಟ್ಟಲೆ ಮೇಲೇಳುತ್ತದೆ. ಕಲ್ಲು ಬೀಸಿ ಹುಣಸೆಕಾಯಿ ಕೆಡವುವುದು ಆ ಲಾಭದಲ್ಲೇ. (ಹಿಂದೊಮ್ಮೆ ಕೈ ಮುರಿದುಕೊಂಡು ಆರು ವಾರ ಪ್ಲಾಸ್ಟರಿನಲ್ಲಿದ್ದೆ. ಬಿಚ್ಚಿದಾಗ ಎಲುಬು ಕೂಡಿತ್ತು, ರಟ್ಟೆ ಮಾತ್ರ ಸೊರಗಿ ನುಗ್ಗೆಕಾಯಿ. ಚಹಾ ಕಪ್ಪು ಎತ್ತಲು ಎರಡು ಕೈ ಬೇಕಾಯಿತು.)

ಎರೆಹುಳುವಿಗೆ ಎಲುಬಿಲ್ಲ, ಆದ್ದರಿಂದ ಸ್ನಾಯುವೂ ಇಲ್ಲ ಎಂಬ ಸಾಲು ತೆಗೆಯಿರಿ. ಅದರ ಮೈತುಂಬ ಸ್ನಾಯು, ಒಳಗೆ ತುಂಬಿದ ನೀರನ್ನೇ ಎಲುಬು ಮಾಡಿಕೊಂಡಿದೆ. ಚೇಳು, ಏಡಿಗಳ ಗಟ್ಟಿ ಚಿಪ್ಪು ಹೊರಗೆ, ಸ್ನಾಯು ಒಳಗೆ. ಇಷ್ಟು ಸಾಕು.

ಈಗ ಏಳನೆಯ ಪುಟ. ಅಡಿಯಲ್ಲಿ, ಜಾಗ ಉಳಿದದ್ದಕ್ಕೆ ಬರೆದ ಹಾಗೆ ಮೂರು ಸಾಲು ಇವೆ: ಎರೆಹೊಲದ ಕೆಸರಿನಲ್ಲಿ ನಿಮ್ಮ ಎತ್ತು ಕುಸಿದು ಕೂತಿತು, ಎಲ್ಲರೂ ಮೂಗುದಾರ ಹಿಡಿದು ಜಗ್ಗಿದರು, ಅಜ್ಜ ಬಂದು "ಮೊದಲ ಹಗ್ಗ ಸಡಲ ಬಿಡ್ರಿ" ಎಂದು ಬೈದು, ಬಾಲದ ಬುಡಕ್ಕೆ ಕೈ ಕೊಟ್ಟು ಎಬ್ಬಿಸಿದ. ಮುಂದಿನ ಪುಟದಲ್ಲಿ ಮತ್ತೆ ಬೆನ್ನೆಲುಬಿನ ಮಣಿಗಳ ಎಣಿಕೆ!

ಮಾಸ್ತರರೇ, ನಿಮ್ಮ ಲೇಖನ ಆ ಮೂರು ಸಾಲಿನಲ್ಲಿದೆ. ಕುದುರೆ ಏಳುವಾಗ ಮುಂಗಾಲು ಮೊದಲು, ಎತ್ತಿಗೆ ಹಿಂಭಾಗ ಮೊದಲು. ಅದು ಕತ್ತನ್ನು ಮುಂದಕ್ಕೆ ಬೀಸಿ ಮೈಭಾರವನ್ನು ಮುಂದಕ್ಕೆ ತಂದರೆ ಹಿಂಭಾಗ ಹಗುರಾಗಿ ಮೇಲೇಳುತ್ತದೆ. ಹಗ್ಗ ಬಿಗಿಯಾಗಿದ್ದರೆ ಕತ್ತು ಬೀಸುವುದೆಲ್ಲಿ? ಜಗ್ಗುತ್ತಿದ್ದವರೇ ಅದನ್ನು ಕೂರಿಸಿ ಹಿಡಿದಿದ್ದರು. ಆ ಗಳಿಗೆಯಲ್ಲಿ ಎತ್ತು ಊರಿ ನಿಲ್ಲುವ ಮುಂದಿನ 'ಮೊಣಕಾಲು' ಲೆಕ್ಕದಲ್ಲಿ ನಮ್ಮ ಮಣಿಕಟ್ಟು. ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿ ಕಾಣುವುದು ಹಿಮ್ಮಡಿ, ನಿಜವಾದ ಮೊಣಕಾಲು ಮೇಲೆ ಹೊಟ್ಟೆಯ ಹತ್ತಿರವಿದೆ. ಗೊರಸು ಎಂದರೆ ಉಗುರು, ಎತ್ತು ನಡೆಯುವುದು ಎರಡು ಬೆರಳ ತುದಿಯ ಮೇಲೆ. ಲಾಳ ಬಡಿಯುವವರನ್ನು ಕೇಳಿ, ಕುದುರೆಗೆ ಕಾಲಿಗೊಂದು ಲಾಳವಾದರೆ ಎತ್ತಿಗೆ ಎರಡು ತುಂಡು ಯಾಕೆಂದು ಅವರೇ ಹೇಳುತ್ತಾರೆ. ಇನ್ನೊಂದು: ಎತ್ತಿಗೆ ಕೊರಳೆಲುಬು ಇಲ್ಲ. ಮುಂಗಾಲನ್ನು ಮೈಗೆ ಕಟ್ಟಿ ಹಿಡಿದಿರುವುದು ಬರೀ ಸ್ನಾಯು.

ಹನ್ನೊಂದು ಪುಟ ವಾಪಸ್ ಕಳಿಸಿದ್ದೇನೆ. ಕೆಸರಿನಿಂದ ಶುರು ಮಾಡಿ, ನಾಲ್ಕು ಪುಟ ದಾಟಬೇಡಿ. ತೊಗರಿ ರಾಶಿ ಮುಗಿದ ಮೇಲೆ ಕಳಿಸಿದರೂ ನಡೆದೀತು. ಅಜ್ಜ ಇದ್ದರೆ, ಬರೆಯುವ ಮೊದಲು ಅವರ ಹತ್ತಿರ ಕೂತು ಒಂದು ಮಾತು ಕೇಳಿ: ಬಾಲದ ತುದಿ ಬಿಟ್ಟು ಬುಡಕ್ಕೇ ಯಾಕೆ ಕೈ ಹಾಕಿದರು?